ದಣಿದ ಅಚ್ಚಿನ ಮಗಳು

ನಾನು ಐದು ರೂಪಾಯಿಯ ನಾಣ್ಯ. ಹುಟ್ಟಿದ್ದು ಟಂಕಸಾಲೆಯಲ್ಲಿ, ಎರಡು ಉಕ್ಕಿನ ಅಚ್ಚುಗಳ ನಡುವೆ, ಒಂದೇ ಏಟಿಗೆ. ನನಗೆ ಮುಖ ಕೊಟ್ಟ ಅಚ್ಚು ಅಷ್ಟು ಹೊತ್ತಿಗೆ ಲೆಕ್ಕವಿಲ್ಲದಷ್ಟು ನಾಣ್ಯ ಹೊಡೆದು ದಣಿದಿತ್ತು. ಅದರ ಅಂಚುಗಳು ಸವೆದಿದ್ದರಿಂದ ನನ್ನ ಅಕ್ಷರಗಳು ದಪ್ಪಗೆ ಹರಡಿ, ಪಕ್ಕದಲ್ಲೇ ನೆರಳು ಬಿದ್ದಂತೆ ಮೂಡಿದವು. ಅದನ್ನು ನೋಡುವ ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಚೀಲ ಸೇರಿ ಹೊರಟೆ.

ಚಹಾದಂಗಡಿ, ಕಂಡಕ್ಟರನ ಚೀಲ, ಕೂಸಿನ ತೊಟ್ಟಿಲು ಎಲ್ಲ ಸುತ್ತಿ ಗದಗಿನ ಬಳೆಗಾರ್ತಿ ಮೆಹಬೂಬಿಯ ಕೈಗೆ ಬಂದೆ. ಅಕ್ಷರ ಜೋಡಿಯಾಗಿ ಕಾಣುವ ನಾಣ್ಯಕ್ಕೆ ನಾಲ್ಕು ಲಕ್ಷ ಸಿಗುತ್ತದೆಂದು ಆಕೆ ಫೋನಿನಲ್ಲಿ ನೋಡಿದ್ದಳು. ನನ್ನ ಫೋಟೊ ಕಳಿಸಿದಳು. ಕೂಡಲೇ ಒಬ್ಬನ ಕರೆ ಬಂತು.

"ನೋಂದಣಿಗೆ ಎಂಟು ಸಾವಿರ ಹಾಕಿ ಮೇಡಂ. ಸಂಜೆಯೊಳಗೆ ನಾಲ್ಕು ಲಕ್ಷ ನಿಮ್ಮದು."

ಹಬ್ಬದ ಬಳೆ ತರಿಸಲು ಎತ್ತಿಟ್ಟಿದ್ದ ಹಣವೂ ಅಷ್ಟೇ ಇತ್ತು. ಮೆಹಬೂಬಿ ನನಗೊಂದು ಮುತ್ತು ಕೊಟ್ಟಳು. ನಾನೂ ಬೀಗಿದೆ. ಫೋನಿನಿಂದ ದುಡ್ಡು ಕಳಿಸಲು ಆಕೆಗೆ ಬಾರದು. ಪಕ್ಕದ ವಾಚ್ ರಿಪೇರಿ ಅಂಗಡಿಯ ಪತಂಗೆಯವರ ಬಳಿಗೆ ಓಡಿದಳು. ಅವರಿಗೆ ಹಳೇ ನಾಣ್ಯ ಕೂಡಿಡುವ ಹುಚ್ಚು.

"ತಡಿ ತಂಗಿ, ಮೊದಲ ಈಕೀನ್ನ ನೋಡೂಣು" ಎಂದು ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರು. ನನ್ನನ್ನು ಬೆಳಕಿಗೆ ಓರೆಯಾಗಿ ಹಿಡಿದು ಬಹಳ ಹೊತ್ತು ತಿರುಗಿಸಿದರು.

"ಅಚ್ಚು ಮಾಡೂವಾಗ ಅಕ್ಷರ ಎರಡು ಸಲ ಬಿದ್ದಿದ್ರ ಎರಡೂ ದುಂಡಗ ಉಬ್ಬಿರತಿದ್ವು. ನಡುವ ಚೊಕ್ಕ ಸೀಳು ಕಾಣತಿತ್ತು. ಇಲ್ಲಿ ಬರೇ ಹಬ್ಬೇತಿ. ಇದು ಅಚ್ಚು ಸವದದ್ದು, ಇದರ ಬೆಲಿ ಐದ ರೂಪಾಯಿ."

"ನಿಮಗ ಹೊಟ್ಟಿಕಿಚ್ಚು ಅಣ್ಣಾರ!"

ಪತಂಗೆ ನಕ್ಕು ಡಬ್ಬಿ ಸುರುವಿದರು. ನನ್ನದೇ ವರ್ಷದ ನಾಲ್ಕು ನಾಣ್ಯ ಹೆಕ್ಕಿ, ನನ್ನನ್ನೂ ಸೇರಿಸಿ ಸಾಲಾಗಿ ಇಟ್ಟರು. ಮೊದಲಿನವಳ ಅಕ್ಷರ ಚೂಪು, ಎರಡನೆಯವಳದು ತುಸು ಮೊಂಡು, ನಾನು ನಾಲ್ಕನೆಯವಳು, ಕೊನೆಯವಳು ನನಗಿಂತ ಮಸುಕು. ಐವರಿಗೂ ಸಿಂಹದ ಕಾಲ ಬಳಿ ಒಂದೇ ಜಾಗದಲ್ಲಿ ಕೂದಲೆಳೆಯಂಥ ಗೆರೆ. ಒಬ್ಬಳಿಂದ ಇನ್ನೊಬ್ಬಳಿಗೆ ಅದು ಬೆಳೆಯುತ್ತ ಹೋಗಿತ್ತು.

"ಒಂದ ಅಚ್ಚಿನ ಮಕ್ಕಳು. ಬಿರುಕು ಸೈತ ಒಂದ."

ನಾಲ್ಕು ಲಕ್ಷ ಹೋಯಿತು. ಆದರೆ ನನಗೆ ಅಕ್ಕತಂಗಿಯರಿದ್ದರು! ಆ ಮೇಜಿನ ಮೇಲೆ ಅವರಿಗೆ ಮೈ ತಾಗಿಸಿ ಕೂತ ಸುಖವನ್ನು ಹೇಗೆ ಹೇಳಲಿ?

ಮೆಹಬೂಬಿ ಐವರನ್ನೂ ಎರಡೆರಡು ಸಲ ನೋಡಿದಳು. ಅಷ್ಟರಲ್ಲಿ ಮತ್ತೆ ಅದೇ ಕರೆ. ಆಕೆ ಸೆರಗು ಸರಿಪಡಿಸಿಕೊಂಡು ಹೇಳಿದಳು:

"ಹಂಗ ಮಾಡ್ರಿ, ನಾಕ ಲಕ್ಷದಾಗ ನಿಮ್ಮ ಎಂಟ ಸಾವಿರ ಮುರಕೊಂಡು ಉಳದದ್ದು ಕಳಸ್ರಿ!"

ಕರೆ ಕಡಿಯಿತು. ಪತಂಗೆ ನಕ್ಕ ರಭಸಕ್ಕೆ ಭೂತಗನ್ನಡಿ ಕಳಚಿ ಬಿತ್ತು.

ಹಬ್ಬಕ್ಕೆ ಹಸಿರು ಬಳೆ ಬಂದವು. ಜೊತೆಗೆ ಆಕೆಗೆ ನಾಣ್ಯ ನೋಡುವ ಚಟವೂ ಹತ್ತಿತು. ಒಮ್ಮೆ ಕಾಯಿಪಲ್ಲೆ ಮಾರುವ ಗಂಗವ್ವ ಒಂದು ನಾಣ್ಯ ತಂದಳು. ಚಿತ್ರವೆಲ್ಲ ಒಂದು ಬದಿಗೆ ಸರಿದು, ಇನ್ನೊಂದು ಬದಿ ಬಿದಿಗೆ ಚಂದ್ರನಂತೆ ಬೋಳಾಗಿತ್ತು.

"ಯಾರೂ ತಗೊಳ್ಳವಲ್ರು ಬೇ. ನೀನರ ತಗೋ."

ಮೆಹಬೂಬಿ ನನ್ನನ್ನು ಅದರ ಪಕ್ಕಕ್ಕಿಟ್ಟುಕೊಂಡು ನೋಡಿದಳು. ಉಳಿದ ಅಕ್ಷರಗಳು ಚೂರಿಯಂತೆ ಚೂಪು. ಆಕೆ ಗಂಗವ್ವನ ಕಡೆ ತಿರುಗಿದಳು.

"ಅಚ್ಚು ಸವದಿಲ್ಲ ಯವ್ವಾ! ಅಚ್ಚೊತ್ತೂ ಲೋಹದ ಬಿಲ್ಲಿ ಸರದು ಕುಂತಾಗ ಪೆಟ್ಟು ಬಿದ್ದೈತಿ. ಇದು ಖರೇ ತಪ್ಪು!"

ಪತಂಗೆ ನೋಡಿ ಹೌದೆಂದರು, ಒಳ್ಳೆಯ ಬೆಲೆ ಕೊಟ್ಟು ತಾವೇ ಕೊಂಡರು. ಗಂಗವ್ವ ಅಂದು ಎರಡೂ ಕೈ ತುಂಬ ಬಳೆ ಇಡಿಸಿಕೊಂಡು ಹೋದಳು.

ಈಗ ನಾನು ಬಳೆಯಂಗಡಿಯ ಪುಟ್ಟ ಡಬ್ಬಿಯಲ್ಲಿದ್ದೇನೆ. ವಯಸ್ಸಾಗಿದೆ, ಹೊಳಪಿಲ್ಲ, ಬೆಲೆ ಐದೇ ರೂಪಾಯಿ. ಯಾರಾದರೂ ಆಸೆಯಿಂದ ನಾಣ್ಯ ತಂದರೆ ಹೋಲಿಸಲು ನನ್ನನ್ನು ಹೊರಗೆ ತೆಗೆಯುತ್ತಾರೆ. ತಂದದ್ದು ಅಪರೂಪದ್ದಾದರೆ ಅವರಿಗೆ ಹಬ್ಬ. ನನ್ನಂಥದ್ದೇ ಆದರೆ, ಪಾಪ, ಮುಖ ಸಣ್ಣಗೆ ಮಾಡಿಕೊಂಡು ಅದನ್ನು ಈ ಡಬ್ಬಿಗೇ ಹಾಕಿ ಹೋಗುತ್ತಾರೆ. ಅಂದು ಹಬ್ಬ ನನಗೆ: ಮನೆಗೆ ಇನ್ನೊಬ್ಬಳು ತಂಗಿ ಬಂದಳಲ್ಲ!