ಪೆಟ್ಟಿಗೆಯೊಳಗಿನ ಮುಖ

ಚಾಂಗ್-ಶಿಕ್‌ನದು ಹಳೇ ಮನೆ ಕೆಡವುವ ಕೆಲಸ. ಕೆಲಸ ಮುಗಿದ ಮೇಲೂ ಸುತ್ತಿಗೆ ಅವನ ಕೈಬಿಡುತ್ತಿರಲಿಲ್ಲ. ಇಂಚನ್ ಊರಿನ ಅವನ ಇಕ್ಕಟ್ಟು ಮನೆಯಲ್ಲಿ ಮೊದಲು ಏಟು ತಿಂದವಳು ಹೆಂಡತಿ. ಅವಳು ಕಾಯಿಲೆಯಿಂದ ಸತ್ತ ಮೇಲೆ ಸರದಿ ಮಗಳ ಕಂಪ್ಯೂಟರಿನದು. ಮೊದಲ ಸಲ ಪರದೆಯೇ ಕಂಪ್ಯೂಟರ್ ಎಂದುಕೊಂಡು ಅದನ್ನು ಪುಡಿಮಾಡಿ, ಗೆದ್ದವನಂತೆ ಮಲಗಿದ್ದ ಮಹಾಶಯ. ಎರಡನೇ ಸಲ ಪೆಟ್ಟಿಗೆಯನ್ನೇ ಮೆಟ್ಟಿಲಿಂದ ಕೆಳಗೆ ಒದ್ದ. ಮಗಳು ಹೈ-ವನ್ ಯೊಂಗ್ಸಾನ್ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯ ಅಂಗಡಿಗಳಲ್ಲಿ ಕೇಳಿ ಕೇಳಿ ಮತ್ತೆ ಜೋಡಿಸಿದಳು. ಯಾವುದು ಕೆಟ್ಟರೆ ಏನು ನಿಲ್ಲುತ್ತದೆ ಎಂದು ಅವಳಿಗೆ ಕಲಿಸಿದ್ದು ಅಪ್ಪನ ಏಟೇ.

ಎಲ್ಲದಕ್ಕೂ ಬದಲಿ ಸಿಗುತ್ತಿತ್ತು, ಹಾರ್ಡ್ ಡಿಸ್ಕ್ ಒಂದನ್ನು ಬಿಟ್ಟು. ಅದರಲ್ಲಿ ಅಮ್ಮ ಇದ್ದಳು. ಸತ್ತವರ ಬಟ್ಟೆಬರೆ ಸುಡುವುದು ಅಲ್ಲಿ ಎಲ್ಲರ ಮನೆಯಲ್ಲೂ ಉಂಟು. ಚಾಂಗ್-ಶಿಕ್ ಕುಡಿದ ಮತ್ತಿನಲ್ಲಿ ಫೋಟೋಗಳನ್ನೂ ಬೆಂಕಿಗೆ ಹಾಕಿದ್ದ. ಡಿಸ್ಕಿನಲ್ಲಿ ಉಳಿದಿದ್ದವು, ಪೊಲೀಸರಿಗೆ ತೋರಿಸೋಣವೆಂದು ಹೈ-ವನ್ ತೆಗೆದಿದ್ದ ಚಿತ್ರಗಳು ಮಾತ್ರ: ಬಾತ ಕಣ್ಣು, ಸೀಳಿದ ತುಟಿ. ಅಮ್ಮ ಠಾಣೆಯ ಮೆಟ್ಟಿಲು ಹತ್ತಲೇ ಇಲ್ಲ.

ಅಮ್ಮನ ವರ್ಷದ ತಿಥಿಯ ಮಧ್ಯಾಹ್ನ ಹೈ-ವನ್ ಎಡೆಯ ಹಿಂದೆ ಇಡಲು ಆ ಚಿತ್ರಗಳಲ್ಲೇ ಒಂದು ಮುಖ ಹುಡುಕುತ್ತಿದ್ದಳು.

"ಎಡೆಗೆ ಮೀನು ಹುರಿಯೋದ್ ಬಿಟ್ಟು ಆಟ ಆಡ್ತಿದೀಯೇನೆ, ಮೂದೇವಿ?"

ಚಾಂಗ್-ಶಿಕ್‌ನ ಸುತ್ತಿಗೆ ಪೆಟ್ಟಿಗೆಯ ಮೇಲೆ ಬಿತ್ತು. ತಗಡು ನುಜ್ಜಾಯಿತು, ಫ್ಯಾನು ಹಾರಿತು, ಮದರ್‌ಬೋರ್ಡ್ ಎರಡು ಹೋಳಾಯಿತು. ಮುಂದಿನ ಏಟು ಎಲ್ಲಿಗೆಂದು ಕಂಡವಳೇ ಹೈ-ವನ್ ಡಿಸ್ಕಿನ ಮೇಲೆ ಬಲಗೈ ಊರಿದಳು. ಮೂಳೆ ಮುರಿದ ಸದ್ದು ಇಬ್ಬರಿಗೂ ಕೇಳಿತು. ಅವಳು ಕೈ ತೆಗೆಯಲಿಲ್ಲ.

"ಕೈ ಹೋದ್ರೂ ಬಿಡಲ್ವಲ್ಲೇ! ಅಂಥಾದ್ದೇನಿದೆ ಅದ್ರಲ್ಲಿ?"

"ಅಮ್ಮನ ಫೋಟೋ. ಸಂಜೆ ದೊಡ್ಡಪ್ಪ ಬರ್ತಾರೆ. ಎಲ್ಲಿ ಫೋಟೋ ಅಂದ್ರೆ ಏನ್ ತೋರಿಸ್ತೀರಾ?"

ಸುತ್ತಿಗೆ ಕೆಳಗಿಳಿಯಿತು. ಮಗಳ ಮೇಲಿನ ಮರುಕಕ್ಕಲ್ಲ, ಅಣ್ಣನ ಮೇಲಿನ ಭಯಕ್ಕೆ. ಥೂ, ಇದೂ ಒಂದು ಗಂಡಸ್ತನ.

"ಜೋಡ್ಸು ಮತ್ತೆ."

"ಯಾವ ಕೈಯಲ್ಲಿ? ನೀವೇ ಜೋಡ್ಸಿ."

ಮೆಟ್ಟಿಲಿಂದ ಉರುಳಿದ್ದ ಹಳೇ ಪೆಟ್ಟಿಗೆ ಬಿಡಿಭಾಗಗಳ ಸಮೇತ ಅಲಮಾರಿಯಲ್ಲಿತ್ತು; ಅಪ್ಪ ಅದನ್ನು ಇಳಿಸಿದ. ಕೈಗೆ ಟವೆಲ್ ಸುತ್ತಿಕೊಂಡು, ಹಲ್ಲು ಕಚ್ಚಿ ಅವಳು ಹೇಳುತ್ತ ಹೋದಳು.

"ಆ ಅಗಲ ಹಲಗೆ ಮದರ್‌ಬೋರ್ಡ್. ಮಿಕ್ಕಿದ್ದೆಲ್ಲ ಅದಕ್ಕೇ ಸೇರ್ಬೇಕು. ಫ್ಯಾನ್ ಕೆಳಗಿರೋದು ಪ್ರಾಸೆಸರ್, ಲೆಕ್ಕ ಮಾಡೋ ತಲೆ. ಮುಟ್ಬೇಡಿ, ಅದ್ರಡಿ ಇರೋ ಸಣ್ಣ ಸೂಜಿಗಳು ಬಾಗ್ತವೆ."

"ಈ ಪಟ್ಟಿ?"

"ರ‍್ಯಾಮ್. ಕರೆಂಟ್ ಹೋದ್ರೆ ಎಲ್ಲಾ ಮರ್ತುಬಿಡತ್ತೆ. ಬೆಳಗಾದ್ಮೇಲೆ ನಿಮ್ಮ ಹಂಗೆ."

ಅವನು ಕೈಯೆತ್ತಿದ.

"ಹೊಡೀರಿ. ಆಮೇಲೆ ಯಾರ್ ಹೇಳ್ಕೊಡ್ತಾರೆ?"

ಕೈ ಇಳಿಯಿತು. ಅವನು ಪಟ್ಟಿಯನ್ನು ಉಲ್ಟಾ ಒತ್ತುತ್ತಿದ್ದ.

"ಬಲ ಹಾಕ್ಬೇಡಿ. ತಿರುಗ್ಸಿ ಇಡಿ, ಕೂರತ್ತೆ. ಅಯ್ಯೋ, ಪವರ್ ಸಪ್ಲೈ ಡಬ್ಬಿ ಬಿಚ್ಬೇಡಿ! ಪ್ಲಗ್ ಕಿತ್ರೂ ಒಳಗೆ ಕರೆಂಟ್ ಉಳ್ದಿರತ್ತೆ."

ಕೊನೆಗೆ ಡಿಸ್ಕನ್ನು ಅವಳೇ ಎಡಗೈಯಿಂದ ಕೊಟ್ಟಳು. "ಎಲ್ಲಾ ನೆನಪಿಟ್ಕೊಳ್ಳೋದು ಇದು."

ಪರದೆ ಬೆಳಗಿತು. ಚಾಂಗ್-ಶಿಕ್ ನೋಡಿದ.

"ಬೇರೇದ್ ತೆಗಿ."

ತೆಗೆದಳು. ಅದರಲ್ಲಿ ಇನ್ನೊಂದು ಕಣ್ಣು ಬಾತಿತ್ತು.

"ನಗ್ತಿರೋದು ಒಂದೂ ಇಲ್ವಾ?"

"ನೀವೇ ಸುಟ್ರಲ್ಲ."

ಅವನು ಸುತ್ತಿಗೆಗೆ ತಡಕಾಡಿದ. ಅದು ಮಗಳ ಎಡಗೈಯಲ್ಲಿತ್ತು. ಅವಳಿಗೆ ಆ ಹೊತ್ತು ಭಯವೇ ಆಗಲಿಲ್ಲ. ಪರದೆಯ ಪಕ್ಕದ ಪ್ರಿಂಟರ್ ಅಮ್ಮನನ್ನು, ಆ ಬಾತ ಕಣ್ಣಿನ ಸಮೇತ, ನಿಧಾನವಾಗಿ ಹೊರಗೆ ಹಾಕಿತು.

ದೊಡ್ಡಪ್ಪ ಬಂದು ಎಡೆಯ ಮುಂದೆ ನಿಂತರು. ಫೋಟೋ ನೋಡಿದರು, ಹುಡುಗಿಯ ಟವೆಲ್ ಸುತ್ತಿದ ಕೈ ನೋಡಿದರು.

"ಅಡ್ಡ ಬೀಳೋ," ಎಂದರು ತಮ್ಮನಿಗೆ.

ಅವನು ತಲೆ ತಗ್ಗಿಸಿಕೊಂಡೇ ಮಂಡಿಯೂರಿದ.

"ಮುಖ ನೋಡಿ ಬೀಳು."

ನೋಡಿದ, ಎರಡು ಸಲ ಬಿದ್ದ. ಸತ್ತವರಿಗೆ ಅಷ್ಟಾದರೆ ಪದ್ಧತಿ ಮುಗಿಯಿತು. ಅವನು ಏಳಹೋದಾಗ ದೊಡ್ಡಪ್ಪ ಕತ್ತು ಹಿಡಿದು, ಹಣೆ ನೆಲಕ್ಕೆ ಬಡಿಯುವಂತೆ ಒತ್ತಿದರು.

"ಇನ್ನೂ."

ಹೈ-ವನ್ ಬಿಡಿಸಲು ಹೋಗಲಿಲ್ಲ.