ಸಾಸಲಿನವರೆಗೆ ಒಂದು ಟ್ರಯಲ್

ದೊಡ್ಡಬಳ್ಳಾಪುರದ ಬೈಪಾಸ್ ಪಕ್ಕದ ತನ್ನ ತಗಡಿನ ಗ್ಯಾರೇಜಿನ ಮುಂದೆ ಕೆಂಪು ಸ್ಪೋರ್ಟ್ಸ್ ಕಾರು ಬಂದು ನಿಂತಾಗ ವಾಣಿಶ್ರೀ ಮೊದಲು ಕಾರನ್ನೇ ನೋಡಿದಳು. ಎರಡೇ ಬಾಗಿಲಿನ, ನಲವತ್ತು ವರ್ಷ ಹಳೆಯ ವಿದೇಶಿ ಗಾಡಿ, ಅದರಲ್ಲೂ ಆಟೋಮ್ಯಾಟಿಕ್ ಗೇರಿನದು. ಆಮೇಲೆ ಇಳಿದವನನ್ನು ನೋಡಿದಳು. ಕೈಯಲ್ಲಿದ್ದ ಸ್ಪ್ಯಾನರಿನ ಮೇಲೆ ಅವಳ ಬೆರಳುಗಳು ಬಿಗಿಯಾದವು.

ರವಿಚಂದ್ರ. ಏಳು ವರ್ಷದಿಂದ ಬೆಳಗ್ಗೆ ಹಲ್ಲುಜ್ಜುವಾಗ ನೆನೆದು ಉಗಿಯುತ್ತಿದ್ದ ಹೆಸರು.

ಆಗ ಅವಳು ಬೆಂಗಳೂರಿನ ದೊಡ್ಡ ವರ್ಕ್‌ಶಾಪೊಂದರಲ್ಲಿ ಇದ್ದ ಒಬ್ಬಳೇ ಹೆಣ್ಣು ಮೆಕ್ಯಾನಿಕ್. ರವಿಚಂದ್ರ ಅಲ್ಲಿನ ಮುಖ್ಯಸ್ಥ. ಅಲ್ಲಿ ಅವಳಿಗೆ ಕೆಲಸ ಕಲಿಸಿದವರು ಹಿರಿಯ ಮೆಕ್ಯಾನಿಕ್, ಸಾಸಲು ಗ್ರಾಮದ ಗೋವಿಂದರಾಜು. ಒಂದು ದಿನ ರವಿಚಂದ್ರ ಅವಸರದಲ್ಲಿ ಒಂದು ಕಾರಿನ ಗೇರ್ ಕೇಬಲ್ಲನ್ನು ತಾನೇ ಕೂಡಿಸಿದ. ಕೂಡಿಸಿದ್ದು ತಪ್ಪಾಗಿತ್ತು. ಗೇರ್ ಲಿವರು ಪಾರ್ಕಿಂಗಿನಲ್ಲಿದ್ದರೂ ಒಳಗೆ ರಿವರ್ಸ್ ಗೇರು ಬಿದ್ದಿತ್ತು. ಎಂಜಿನ್ ಓಡುತ್ತಿದ್ದ ಕಾರು ಹಿಂದಕ್ಕೆ ನುಗ್ಗಿ, ಗೋಡೆಗೆ ಒರಗಿ ನಿಂತಿದ್ದ ಗೋವಿಂದರಾಜುವಿನ ಬಲಗಾಲನ್ನು ಜಜ್ಜಿತು. ವಿಚಾರಣೆಯಲ್ಲಿ ರವಿಚಂದ್ರ, ‘ಕೇಬಲ್ ಕೂಡಿಸಿದ್ದು ವಾಣಿಶ್ರೀ’ ಎಂದು ಬರೆದುಕೊಟ್ಟ. ಅವಳ ಕೆಲಸ ಹೋಯಿತು. ಅದಾದರೂ ಹೋಗಲಿ ಅಂದರೆ, ಆಸ್ಪತ್ರೆಗೆ ನೋಡಲು ಹೋದವಳನ್ನು ಕಂಡು ಗೋವಿಂದರಾಜು ಗೋಡೆ ಕಡೆ ಮುಖ ತಿರುಗಿಸಿದರು. ಅವರ ಹೆಂಡತಿ ನರಸಮ್ಮ ವಾರ್ಡಿನ ಬಾಗಿಲಲ್ಲೇ, ‘ನನ್ ಗಂಡನ ಕಾಲು ತಿಂದವಳೇ, ನಿನ್ ಕೈ ಸೇದೋಗ’ ಎಂದು ಕೂಗಿದಳು.

“ವಾಣಿ, ಚೆನ್ನಾಗಿದೀಯಾ?” ರವಿಚಂದ್ರ ಹಲ್ಲು ಕಿರಿದ. “ಹಳೇದೆಲ್ಲ ಮನಸಲ್ಲಿ ಇಟ್ಕೋಬೇಡಮ್ಮ. ಈ ಗಾಡಿ ಸ್ವಲ್ಪ ನೋಡು. ಗೇರ್ ಬದಲಾಗೋವಾಗ ಒದೀತದೆ. ಮೂರು ಕಡೆ ತೋರ್ಸಿದೆ, ಎಲ್ರೂ ಬಾಕ್ಸ್ ಬಿಚ್ಬೇಕು ಅಂತಾರೆ. ಭಾನುವಾರ ದೇವನಹಳ್ಳೀಲಿ ಹಳೇ ಕಾರುಗಳ ಮೇಳ, ಗಾಡಿ ಅಲ್ಲಿಗೆ ಹೋಗ್ಲೇಬೇಕು.”

“ಯೂಟ್ಯೂಬಲ್ಲಿ ಊರಿಗೆಲ್ಲ ಗೇರ್‌ಬಾಕ್ಸ್ ಪಾಠ ಹೇಳ್ತೀರಲ್ಲ ಸಾರ್, ನೀವೇ ನೋಡ್ಕೊಬಹುದಿತ್ತು.”

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. “ನಾನು ಇಲ್ಲಿಗೆ ಬಂದಿದ್ದು ಯಾರಿಗೂ ಗೊತ್ತಾಗೋದು ಬೇಡ.”

ಇವನು ಎಂದಾದರೂ ಕೈಗೆ ಸಿಕ್ಕರೆ ಏನು ಮಾಡಬೇಕು ಎಂದು ವಾಣಿಶ್ರೀ ನೂರು ಸಲ ಲೆಕ್ಕ ಹಾಕಿದ್ದಳು. ಒಂದು ಹಿಡಿ ಮರಳು ಸಾಕು, ಗೇರ್‌ಬಾಕ್ಸು ದಾರಿಯಲ್ಲೇ ಪ್ರಾಣ ಬಿಡುತ್ತದೆ. ಆದರೆ ಬಾನೆಟ್ ಎತ್ತಿದಾಗ ಕೈಗಳು ತಮ್ಮಷ್ಟಕ್ಕೆ ಕೆಲಸ ಶುರು ಮಾಡಿದವು. ಯಂತ್ರ ಅವಳಿಗೇನೂ ಕೆಡುಕು ಮಾಡಿರಲಿಲ್ಲ.

ಎಂಜಿನ್ ಓಡುತ್ತಿದ್ದಂತೆಯೇ ಗೇರ್ ಎಣ್ಣೆಯ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿದಳು. ತೆಳುಗೆಂಪು ಬಣ್ಣ. ಮೂಗಿಗೆ ಹಿಡಿದಳು. ಸುಟ್ಟ ವಾಸನೆ ಇಲ್ಲ. ಒಳಗಿನ ಕ್ಲಚ್‌ಗಳು ಸವೆದಿದ್ದರೆ ಎಣ್ಣೆ ಕಪ್ಪಾಗಿ ನಾರುತ್ತಿತ್ತು. ಹಾಗಾದರೆ ಬಾಕ್ಸು ಗಟ್ಟಿಯಾಗಿದೆ, ಕೆಟ್ಟಿದ್ದು ಹೊರಗಿನದೇನೋ.

“ತಣ್ಣಗಿದ್ದಾಗ ಒದೆಯುತ್ತಾ?”

“ಇಲ್ಲ. ಬಿಸಿ ಆದ್ಮೇಲೆ.”

“ಹಾಗಾದ್ರೆ ದೂರ ಓಡಿಸ್ಬೇಕು. ಹತ್ತಿ ಸಾರ್. ನಾನು ಓಡಿಸ್ತೀನಿ.”

ಸಾಮಾನಿನ ಚೀಲವನ್ನು ಸೀಟಿನ ಹಿಂದೆ ತುರುಕಿದಳು. ಎಲ್ಲಿಗೆ ಎಂದು ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಮೊದಲ ಐದಾರು ಕಿಲೋಮೀಟರು ಗಾಡಿ ಬೆಣ್ಣೆಯಂತೆ ಹೋಯಿತು. ಆಮೇಲೆ ಶುರುವಾಯಿತು. ಆಕ್ಸಿಲರೇಟರ್ ಮೇಲೆ ಪಾದವನ್ನು ಹಗುರವಾಗಿ ಇಟ್ಟರೆ ಗೇರು ಬದಲಾಗುವುದೇ ಇಲ್ಲ. ಎಂಜಿನ್ ಗೋಳಾಡಿ ಗೋಳಾಡಿ, ಕೊನೆಗೆ ಧಡ್ ಅಂತ ಬೆನ್ನಿಗೆ ಗುದ್ದಿದ ಹಾಗೆ ಎರಡರಿಂದ ಮೂರಕ್ಕೆ ಬೀಳುತ್ತಿತ್ತು. ಅವಳು ಪಾದವನ್ನು ಪೂರ್ತಿ ಒತ್ತಿದಳು. ಆಗ ಒದೆತ ಸಹಜವೆನಿಸಿತು, ಸರಿಯಾದ ಹೊತ್ತಿಗೇ ಬದಲಾಯಿತು. ಮತ್ತೆ ಹಗುರ ಮಾಡಿದಳು. ಮತ್ತೆ ಗುದ್ದು.

ಅವಳಿಗೆ ಅಲ್ಲೇ ಗೊತ್ತಾಗಿಹೋಯಿತು. ಡ್ರೈವರಿನ ಪಾದ ಹಗುರವಾಗಿದೆಯೋ ಭಾರವಾಗಿದೆಯೋ ಎಂಬ ಸುದ್ದಿಯನ್ನು ಎಂಜಿನ್ನಿನಿಂದ ಇಂಥ ಹಳೇ ಗೇರ್‌ಬಾಕ್ಸಿಗೆ ಮುಟ್ಟಿಸುವುದು ಒಂದು ಸಣ್ಣ ರಬ್ಬರ್ ಪೈಪು. ಗಾಳಿಯ ಸೆಳೆತದಿಂದ ಅದು ಕೆಲಸ ಮಾಡುತ್ತದೆ. ಅದು ಸೀಳಿದರೆ ಸುದ್ದಿ ಮುಟ್ಟುವುದಿಲ್ಲ. ಪಾದ ಯಾವಾಗಲೂ ಭಾರವಾಗಿಯೇ ಇದೆ ಅಂದುಕೊಂಡು ಬಾಕ್ಸು ಪೂರ್ತಿ ಬಲ ಹಾಕಿ ಒದೆಯುತ್ತದೆ. ಬಿಸಿಗೆ ಸೀಳು ಬಾಯಿ ಬಿಡುತ್ತಿದೆ, ಅಷ್ಟೆ.

“ಏನು ಅನ್ಸುತ್ತೆ?” ರವಿಚಂದ್ರ ಕೇಳಿದ.

“ಇನ್ನೂ ಸ್ವಲ್ಪ ನೋಡೋಣ” ಅಂದಳು. ಉಬ್ಬು ಸಿಕ್ಕಿದ ಕಡೆಯೆಲ್ಲ ಬೇಕೆಂದೇ ಪಾದ ಹಗುರ ಮಾಡಿದಳು. ಪ್ರತಿ ಗುದ್ದಿಗೂ ಪಕ್ಕದ ಸೀಟಿನಲ್ಲಿ ಅವನ ತಲೆ ಮುಂದಕ್ಕೆ ಬಾಗಿ ಹಿಂದಕ್ಕೆ ಬಡಿಯುತ್ತಿತ್ತು. ಅದು ಅವಳಿಗೆ ಹಿತವಾಗಿತ್ತು.

ರಾಗಿ ಹೊಲಗಳು ಮುಗಿದು ಸಾಸಲಿನ ಮನೆಗಳು ಕಂಡಾಗ ಅವನು ನೆಟ್ಟಗೆ ಕುಳಿತ. “ಇದ್ಯಾಕೆ ಈ ಕಡೆ?”

ಹಸಿರು ಬಣ್ಣದ ಮನೆಯ ಮುಂದೆ ಅವಳು ಗಾಡಿ ಆರಿಸಿ, ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡಳು. ಜಗಲಿಯ ಮೇಲೆ ಊರುಗೋಲು ಪಕ್ಕಕ್ಕಿಟ್ಟುಕೊಂಡು ಗೋವಿಂದರಾಜು ಕೂತಿದ್ದರು.

“ನಿಮ್ ಗಾಡಿ ಕಾಯಿಲೆ ಸಿಕ್ಕಿದೆ ಸಾರ್. ಇಲ್ಲೇ, ಈಗಲೇ ಸರಿಮಾಡ್ತೀನಿ. ಆದ್ರೆ ಮೊದ್ಲು ಇಳಿದು, ಆ ಕೇಬಲ್ ಕೂಡಿಸಿದ್ದು ಯಾರು ಅಂತ ಅವ್ರ ಮುಂದೆ ಹೇಳಿ.”

“ತಲೆ ಕೆಟ್ಟಿದ್ಯಾ? ಕೀ ಕೊಡೇ!”

“ಕೊಡ್ತೀನಿ. ಇದೇ ಗಾಡೀಲಿ ಒದೆಸ್ಕೊಂಡು ಭಾನುವಾರ ಮೇಳಕ್ಕೆ ಹೋಗಿ. ಗೇರ್ ಪಂಡಿತರ ಗಾಡಿ ಗುದ್ದೋದನ್ನ ಎಲ್ರೂ ಮೊಬೈಲಲ್ಲಿ ಹಿಡೀಲಿ.”

ರವಿಚಂದ್ರ ಬಹಳ ಹೊತ್ತು ಕಾರಿನೊಳಗೇ ಬೆವರಿದ. ಕೊನೆಗೆ ಇಳಿದು ಜಗಲಿಯ ಹತ್ತಿರ ಹೋಗಿ, ನೆಲ ನೋಡುತ್ತ, “ಗೋವಿಂದರಾಜು… ಅವತ್ತು ಕೇಬಲ್ ಹಾಕಿದ್ದು ನಾನು. ಈ ಹುಡುಗಿ ಅಲ್ಲ” ಅಂದ.

ಈ ಮಾತು ಕೇಳಿ ಗೋವಿಂದರಾಜು ಬೆಚ್ಚಿ ಬೀಳುತ್ತಾರೆ, ಊರುಗೋಲು ಎತ್ತುತ್ತಾರೆ ಎಂದು ವಾಣಿಶ್ರೀ ಕಾದಿದ್ದಳು. ಅವರು ಬೆಚ್ಚಲಿಲ್ಲ. ಅವಳ ಕಡೆ ನೋಡಲಾರದೆ, “ನಂಗೊತ್ತಿತ್ತು ಕಣಮ್ಮ” ಅಂದರು.

“ಏನಂದ್ರಿ ಗೋವಿಂದಣ್ಣ?”

“ಮೊದಲ್ನೇ ದಿನದಿಂದಲೂ ಗೊತ್ತಿತ್ತು. ಅವ್ರು ಕೇಬಲ್ ಹಾಕೋದನ್ನ ನಾನೇ ಕಣ್ಣಾರೆ ಕಂಡಿದ್ದೆ. ಸುಮ್ನಿದ್ರೆ ನಮ್ ಕವಿತನ್ನ ಸೋಂಪುರದ ಫ್ಯಾಕ್ಟರೀಲಿ ಕೆಲಸಕ್ಕೆ ಸೇರಿಸ್ತೀನಿ ಅಂದ್ರು. ಕಾಲಂತೂ ಹೋಗಿತ್ತು. ಮಗಳಿಗಾದ್ರೂ ಒಂದು ದಾರಿ ಆಗ್ಲಿ ಅಂತ…”

ಏಳು ವರ್ಷ ಅವಳು ಒಬ್ಬನನ್ನು ದ್ವೇಷಿಸಿದ್ದಳು, ಇನ್ನೊಬ್ಬರಿಗಾಗಿ ಮರುಗಿದ್ದಳು. ಇಬ್ಬರೂ ಒಂದೇ ತಕ್ಕಡಿಯಲ್ಲಿ ತೂಗುವವರು.

“ನನ್ ಕೈ ಹಿಡಿದು ಕೆಲಸ ಕಲ್ಸಿದೋರು ನೀವು” ಅಂದಳು. ಅಳು ಬರಲಿಲ್ಲ. ಬಂದಿದ್ದು ಕಾದ ಕಬ್ಬಿಣದಂಥ ಸಿಟ್ಟು. “ಈಗ ಅದನ್ನೇ ಜೋರಾಗಿ ಹೇಳಿ. ನರಸಕ್ಕ ಕೇಳ್ಲಿ.”

“ಬೇಡ ಕಣಮ್ಮ, ಅವಳಿಗೆ ಗೊತ್ತಿಲ್ಲ…”

“ಕೇಳಿಸ್ಕೊಂಡೆ.” ಬಾಗಿಲಲ್ಲಿ ನರಸಮ್ಮ ನಿಂತಿದ್ದಳು. ಮೊರದಲ್ಲಿದ್ದ ಅವರೆಕಾಯಿ ಜಾರಿ ಹೊಸ್ತಿಲ ಮೇಲೆ ಚೆಲ್ಲಿತು. “ನಾನು ಈ ಹೆಣ್ಮಗೀಗೆ ಆಸ್ಪತ್ರೇಲಿ ಶಾಪ ಹಾಕ್ದಾಗ ನೀನು ಮಲಗಿದ್ದೆ, ಎಚ್ಚರವಾಗಿದ್ದೆ. ಬಾಯಿ ಬಿಡ್ಲಿಲ್ಲ ಅಲ್ವಾ?” ಗಂಡನ ಮುಂದೆ ಬಂದು ನಿಂತಳು. ಆಮೇಲೆ ವಾಣಿಶ್ರೀ ಕಡೆ ತಿರುಗಿ, “ಫೋನ್ ತೆಗಿಯವ್ವ. ಇಬ್ರೂ ಇನ್ನೊಂದ್ಸಲ ಹೇಳ್ಲಿ. ನಾನಿಲ್ಲಿ ಸಾಕ್ಷಿ ನಿಂತಿರ್ತೀನಿ” ಅಂದಳು.

ರವಿಚಂದ್ರ ಗೇಟಿನ ಕಡೆ ಹೆಜ್ಜೆ ಹಾಕಿದ. ವಾಣಿಶ್ರೀ ಕೀಲಿಕೈಯನ್ನು ಜೇಬಿನಿಂದ ತೆಗೆದು ಬೆರಳಲ್ಲಿ ತೂಗಿಸಿದಳು. ಅವನು ನಿಂತ. ವಾಪಸ್ ಬಂದ. ಅವಳು ಹಿಡಿದ ಫೋನಿನ ಮುಂದೆ ಇಬ್ಬರೂ ಹೇಳಿದರು, ಹೆಸರು, ದಿನ, ಕೇಬಲ್ಲು, ಸೋಂಪುರ, ಎಲ್ಲವನ್ನೂ. ಗೋವಿಂದರಾಜು ಹೇಳುವಾಗ ನರಸಮ್ಮ ಎರಡು ಸಲ, “ಜೋರಾಗಿ” ಎಂದು ಗದರಿದಳು.

ಆಮೇಲೆ ವಾಣಿಶ್ರೀ ಕೊಟ್ಟ ಮಾತು ಉಳಿಸಿಕೊಂಡಳು. ಕಾರಿನಡಿ ತೂರಿ, ಗೇಣುದ್ದದ ಕಪ್ಪು ಪೈಪೊಂದನ್ನು ಕಿತ್ತು ತಂದು ಬಗ್ಗಿಸಿ ತೋರಿಸಿದಳು. ಸೀಳು ಬಾಯಿ ಬಿಟ್ಟಿತು. ಒಳಗೆ ಎಣ್ಣೆಯ ಪಸೆಯೂ ಇರಲಿಲ್ಲ, ಅಂದರೆ ಗೇರ್‌ಬಾಕ್ಸಿನಿಂದ ಎಣ್ಣೆ ಸೋರಿರಲಿಲ್ಲ, ಅದರಾಚೆಯದೆಲ್ಲ ಚೆನ್ನಾಗಿತ್ತು. ಚೀಲದಲ್ಲಿದ್ದ ಹೊಸ ಪೈಪಿನಿಂದ ಒಂದು ತುಂಡು ಕತ್ತರಿಸಿ ಕೂಡಿಸಿದಳು. ಹತ್ತು ನಿಮಿಷದ ಕೆಲಸ.

ರವಿಚಂದ್ರ ಸೀಳಿದ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಲೇ ಇದ್ದ. “ಇಷ್ಟೇನಾ?”

“ಇಷ್ಟೇ ಸಾರ್. ಬಗ್ಗಿ ನೋಡಿದ್ರೆ ನಿಮಗೇ ಕಾಣೋದು. ನೀವು ಬಗ್ಗಲ್ಲ ಅಂತ ನಂಗೊತ್ತಿತ್ತು.”

“ಆ ವಿಡಿಯೋ…”

“ಗಾಡಿ ಸರಿಮಾಡ್ತೀನಿ ಅಂತ ಮಾತು ಕೊಟ್ಟಿದ್ದೆ. ಮಾಡಿದೀನಿ. ವಿಡಿಯೋ ಬಗ್ಗೆ ಮಾತೇ ಆಡಿಲ್ಲ.”

ಕೀಲಿಕೈಯನ್ನು ಅವನ ಅಂಗೈಗೆ ಹಾಕಿದಳು. ಅವಳು ಅವನ ಜೊತೆ ವಾಪಸ್ ಹೋಗಲಿಲ್ಲ. ನರಸಮ್ಮ ಕೊಟ್ಟ ಕಾಫಿ ಕುಡಿದು, ಗೋವಿಂದರಾಜು ಕರೆದರೂ ತಿರುಗದೆ, ಬಸ್ ಸ್ಟಾಪಿಗೆ ನಡೆದಳು.

ಭಾನುವಾರ ದೇವನಹಳ್ಳಿಯ ಮೇಳದಲ್ಲಿ ಕೆಂಪು ಕಾರು ಒಂದು ಚೂರೂ ಒದೆಯದೆ ಓಡಿತು. ರವಿಚಂದ್ರ ಕ್ಯಾಮೆರಾ ಮುಂದೆ ಗೇರ್‌ಬಾಕ್ಸಿನ ನಾಜೂಕು ವಿವರಿಸುತ್ತಿದ್ದ ಹೊತ್ತಿಗೆ ಸರಿಯಾಗಿ ವಾಣಿಶ್ರೀ ಆ ವಿಡಿಯೋವನ್ನು ಹಳೇ ವರ್ಕ್‌ಶಾಪಿನವರ ಗ್ರೂಪಿಗೆ, ಮಾಲೀಕರಿಗೆ ಒಂದೊಂದಾಗಿ ಕಳಿಸಿ, ಅವನ ಚಾನೆಲ್ಲಿನ ಕಾಮೆಂಟುಗಳಲ್ಲಿ ಅದರ ಲಿಂಕನ್ನೂ ಹಾಕಿದಳು. ಸಂಜೆಯೊಳಗೆ ಅವಳ ಫೋನು ಬಿಸಿಯಾಯಿತು. ಏಳು ವರ್ಷ ಅವಳ ನಂಬರೇ ಮರೆತಿದ್ದವರು, “ಗುರು, ನಮಗೆ ಅವತ್ತೇ ಅನುಮಾನ ಇತ್ತು” ಅಂದರು. ಪ್ರತಿಯೊಬ್ಬರ ಮಾತನ್ನೂ ಅವಳು ಪೂರ್ತಿ ಕೇಳಿಸಿಕೊಂಡಳು, ಯಾರಿಗೂ ಪರವಾಗಿಲ್ಲ ಅನ್ನಲಿಲ್ಲ. ಗೋವಿಂದರಾಜು ನಾಲ್ಕು ಸಲ ಕರೆ ಮಾಡಿದರು. ನಾಲ್ಕು ಸಲವೂ ಅದು ರಿಂಗಾಗಿ ನಿಲ್ಲುವವರೆಗೆ ಪರದೆಯ ಮೇಲಿನ ಆ ಹೆಸರನ್ನು ನೋಡುತ್ತ ಕೂತಳು.