ಹಾಳಿ ಲೋಟದ ಪದ

ಶ್ರಾವಣ ಹಿಡಿದು ನಾಲ್ಕೈದು ದಿನವಾಗಿತ್ತು, ಕಾಲುವೆಗೆ ನೀರು ಬಿಟ್ಟಿದ್ದರು. ಹೊತ್ತು ಇನ್ನೂ ಬೇವಿನ ಗಿಡದ ಎತ್ತರಕ್ಕೂ ಏರಿರಲಿಲ್ಲ. ನವಲಿಯ ಕುಬೇರಪ್ಪ ಗೌಡರ ಗದ್ದೆಯಲ್ಲಿ ಹೆಣ್ಣುಮಕ್ಕಳು ಸೊಂಟ ಬಗ್ಗಿಸಿ ಭತ್ತದ ಸಸಿ ಹಚ್ಚುತ್ತಿದ್ದರು. ಆಗ ಸುರುವಾಯಿತು ಇದು.

ಆ ಸಾಲಿಗೆ ಹಿರಿಯಳು ಕಸ್ತೂರೆಮ್ಮ. ನಾಟಿಯ ಪದಕ್ಕೆ ಅಲ್ಲೊಂದು ಕಟ್ಟಳೆಯಿತ್ತು. ಒಬ್ಬಳು ಒಂದು ನುಡಿ ಎತ್ತಿದರೆ ಪಕ್ಕದವಳು ಅದನ್ನು ಹಿಡಿದು, ತನ್ನದೊಂದು ನುಡಿ ಅಲ್ಲೇ ಕಟ್ಟಿ ಮುಂದಿನವಳಿಗೆ ದಾಟಿಸಬೇಕು. ಕಲಿತು ಬಂದದ್ದನ್ನು ಹಾಡುವಂತಿಲ್ಲ. ಪದದೊಳಗೆ ಯಾರನ್ನು ಏನೆಂದರೂ ಅದನ್ನು ಬದುವಿನ ಮೇಲೆ ತಂದು ಜಗಳ ತೆಗೆಯುವಂತಿಲ್ಲ. ಅದಕ್ಕೇ ಮುಖಕ್ಕೆ ಮುಖ ಕೊಟ್ಟು ಹೇಳಲಾರದ ಮಾತೆಲ್ಲ ಅಲ್ಲಿ ಹೊರಬೀಳುತ್ತಿತ್ತು. ಬದುವಿನ ಮೇಲೆ ನಿಂತ ಗೌಡ ಸುಮ್ಮನೆ ಕೇಳಬೇಕು, ಕೇಳಿ ನಾಚಬೇಕು.

ಕಸ್ತೂರೆಮ್ಮನಿಗೆ ಎಲ್ಲ ನೆನಪಿತ್ತು. ಕುಬೇರಪ್ಪನ ಅಪ್ಪನ ಕಾಲಕ್ಕೆ ಊರಾಚೆಯ ಕೇರಿಯ ಹೆಣ್ಣುಮಕ್ಕಳಿಗೆ ಚಹಾ ಬರುತ್ತಿದ್ದದ್ದು ತೆಂಗಿನ ಚಿಪ್ಪಿನಲ್ಲಿ. ಈಗ ಇದೇ ಸಾಲಿನಲ್ಲಿರುವ ಮಾರೆಮ್ಮನ ಅತ್ತೆ ಆ ಚಿಪ್ಪಿನ ಮೇಲೆ ನುಡಿ ಎತ್ತಿದಳು, ಸಾಲಿಗೆ ಸಾಲೇ ಹಿಡಿಯಿತು. ಆ ನಾಟಿ ಮುಗಿಯುವತನಕ ಬೇರೆ ಪದವೇ ಇಲ್ಲ. ಕೊನೆಗೊಂದು ದಿನ ಗೌಡನ ಹೆಂಡತಿಯೇ ಎಲ್ಲರಿಗೂ ಒಂದೇ ನಮೂನೆಯ ಲೋಟ ತಂದು ಬದುವಿನ ಮೇಲೆ ಇಟ್ಟಳು. ಎಲ್ಲರೂ ಅದರಲ್ಲೇ ಕುಡಿದರು, ಮತ್ತೆ ಕೆಸರಿಗಿಳಿದರು.

ಆಮೇಲೆ ಕೊರೊನಾ ಬಂತು, ಎಲ್ಲರಿಗೂ ಕುಡಿದು ಒಗೆಯುವ ಕಾಗದದ ಹಾಳೆಯ ಲೋಟ ಬಂದವು. ರೋಗ ಹೋದ ಮೇಲೆ ಉಳಿದವರಿಗೆ ಸ್ಟೀಲಿನವು ತಿರುಗಿ ಬಂದವು. ಸಾಲಿನಲ್ಲಿ ಕೇರಿಯವಳೆಂದರೆ ಈಗ ಮಾರೆಮ್ಮ ಒಬ್ಬಳೇ, ಅವಳ ಕೈಯಲ್ಲಿ ಹಾಳೆಯದೇ ಉಳಿಯಿತು.

"ನಿನಗ ಇದ ಛಲೋ ಬೇ, ತೊಳಿಯೂ ಕೆಲಸಿಲ್ಲ," ಎನ್ನುತ್ತಿದ್ದಳು ಗೌಡರ ಸೊಸೆ ಶಿವಲಿಂಗಮ್ಮ, ಚಹಾದ ಕಿಟ್ಲಿಯನ್ನು ಲೋಟಕ್ಕೆ ತಾಗದಂತೆ ಎತ್ತರಕ್ಕೆ ಹಿಡಿದು ಸುರಿಯುತ್ತ. ಆ ಎತ್ತರ ನೋಡಿ ಕಸ್ತೂರೆಮ್ಮ ಅರ್ಧ ಕುಡಿದ ಲೋಟವನ್ನು ಕೆಳಗಿಡುತ್ತಿದ್ದಳು.

ಆ ಮುಂಜಾನೆ ಮಾರೆಮ್ಮ ಎತ್ತಿಯೇಬಿಟ್ಟಳು:

"ಅಕ್ಕಗಳಿಗೆ ಬೆಳ್ಳಿಯಂಥ ಲೋಟ ಬಂದಾವ,
ನನ್ನ ಕೈಯಾಗ ಹಾಳಿ ಲೋಟ ನೆನದೈತಿ."

ಕಸ್ತೂರೆಮ್ಮ ತಡಮಾಡಲಿಲ್ಲ:

"ಹಾಳಿ ಲೋಟ ನೆನದರ ಬೆರಳು ಸುಡತಾವ,
ಒಂದ ಕೆಸರಾಗ ನಿಂತಾವ ನಮ್ಮ ಕಾಲು."

ಸಾಲು ಹಿಡಿಯಿತು. ಬದುವಿನ ಮೇಲೆ ನಿಂತಿದ್ದ ಕುಬೇರಪ್ಪನ ಕಿವಿ ಕೆಂಪಾದವು. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಮನೆಯ ದಾರಿ ಹಿಡಿದ.

"ನಾಟಿ ಮುಗಿಯೂದರಾಗ ನಿನ್ನ ಲೋಟ ಬರತೈತಿ ನೋಡಬೇ," ಎಂದಳು ಕಸ್ತೂರೆಮ್ಮ.

ಆದರೆ ಬದುವಿನ ಮೇಲೆ ಇನ್ನೊಬ್ಬ ನಿಂತಿದ್ದ, ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಯ ಕಳಕೇಶ. ಹಾಡಿನಿಂದ ಊರು ಒಂದುಮಾಡುತ್ತೇನೆಂದು ಕೊಪ್ಪಳದಲ್ಲಿ ಸಂಘ ಕಟ್ಟಿಕೊಂಡವನು. ಪದವನ್ನೆಲ್ಲ ಮೊಬೈಲಿನಲ್ಲಿ ಹಿಡಿದುಕೊಂಡಿದ್ದ.

"ಯವ್ವಾ, ಇದನ್ನ ಕೊಪ್ಪಳದಾಗ ಸ್ಟೇಜಿನ ಮ್ಯಾಲೆ ಹಾಡ್ರಿ. ಅಲ್ಲೇ ಕಟ್ಟಿ ಅಲ್ಲೇ ಹಾಡೂದು! ಸಮಾಜ ಬದಲಾಗೂದು ಹಿಂಗ ನೋಡ್ರಿ."

"ಇದು ಕೆಸರಾಗ ನಿಂತು ಹಾಡೂದಪಾ," ಎಂದಳು ಕಸ್ತೂರೆಮ್ಮ.

ಮಾರೆಮ್ಮನಿಗೆ ಆಸೆಯಾಯಿತು. "ಹೋಗೂಣಕ್ಕ. ನಾಕು ಮಂದಿ ಮುಂದ ಅಂದರ ಗೌಡ್ರಿಗೆ ಲಗೂನ ನಾಚಿಕಿ ಬರತೈತಿ."

ರವಿವಾರ ಹೋದರು. ಸಂಘದವರು ಎಲ್ಲರಿಗೂ ಒಂದೇ ಬಣ್ಣದ ಸೀರೆ ಉಡಿಸಿದರು. ಮುಂದಿನ ಕುರ್ಚಿಯಲ್ಲಿ ಕುಬೇರಪ್ಪ ಕೂತಿದ್ದ, ಹಾಡುವ ಹೆಣ್ಣುಮಕ್ಕಳಿಗೆ ಗದ್ದೆಯಲ್ಲಿ ಕೆಲಸ ಕೊಟ್ಟ ಪುಣ್ಯಾತ್ಮನೆಂದು ಅವನಿಗೆ ಶಾಲು ಹೊದಿಸಿದರು. ಮಾರೆಮ್ಮ ಗೌಡನ ಕಣ್ಣು ನೋಡುತ್ತಲೇ ಹಾಳಿ ಲೋಟದ ನುಡಿ ಎತ್ತಿದಳು. ಕಸ್ತೂರೆಮ್ಮ ಹಿಡಿದಳು, ಸಾಲು ಹಿಡಿಯಿತು.

ಮಂದಿ ಚಪ್ಪಾಳೆ ಹೊಡೆದರು. ಕುಬೇರಪ್ಪ ಎಲ್ಲರಿಗಿಂತ ಜೋರಾಗಿ ಹೊಡೆದ.

ಆಮೇಲೆ ಚಹಾ ಬಂತು, ಅಲ್ಲಿ ಎಲ್ಲರಿಗೂ ಹಾಳೆಯ ಲೋಟವೇ. ಕುಬೇರಪ್ಪ ತನ್ನದನ್ನು ಮೇಲೆತ್ತಿ ತೋರಿಸಿದ. "ಏ ಮಾರೆವ್ವ, ನಾನೂ ಹಾಳಿ ಲೋಟದಾಗ ಕುಡದೆ ನೋಡು! ಆತಿಲ್ಲ ಈಗ?"

ಸಭೆಗೆ ಸಭೆಯೇ ನಕ್ಕಿತು. ಕಳಕೇಶ ಮೈಕಿನಲ್ಲಿ, "ನೋಡ್ರಿ, ಪದ ಹೆಂಗ ಮನಸು ಕೂಡಿಸ್ತು," ಎಂದ. ಕಸ್ತೂರೆಮ್ಮ ಸಭೆಗೆ ಬೆನ್ನು ತಿರುಗಿಸಿದಳು. ಗದ್ದೆಯಲ್ಲಿ ಕಾಲಿಗೆ ಹತ್ತಿದ ಜಿಗಣೆಯನ್ನಾದರೂ ಕಿತ್ತು ಒಗೆಯಬಹುದು. ಈ ನಗೆಯನ್ನು ಎಲ್ಲಿಂದ ಕೀಳುವುದು?

ಸೋಮವಾರ ಗದ್ದೆಗೆ ಕಿಟ್ಲಿ ಬಂತು. ಸ್ಟೀಲ್ ಲೋಟಗಳು ಬಂದವು. ಒಂದು ಹಾಳೆಯದೂ ಬಂತು.

ಕಸ್ತೂರೆಮ್ಮ ಹೊಸದೊಂದು ನುಡಿ ಎತ್ತಿದಳು:

"ಶಾಲು ಹೊದ್ದವರ ಕೈಗೆ ನಾಚಿಕಿಲ್ಲ,
ಚಪ್ಪಾಳಿ ಹೊಡದು ಮಾತು ಮುಚ್ಯಾರ."

ಪಕ್ಕದ ಶರಣಬಸಮ್ಮ ಅದನ್ನು ಹಿಡಿಯಲಿಲ್ಲ. ಕೊಪ್ಪಳದಲ್ಲಿ ಹಾಡಿದ್ದನ್ನೇ, ಅದೇ ರಾಗದಲ್ಲಿ, ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ ಹಾಡಿದಳು. ಅವಳ ಮುಂದಿನವಳೂ ಅದನ್ನೇ.

"ಹೊಸಾದು ಕಟ್ಟಬೇ!" ಎಂದಳು ಕಸ್ತೂರೆಮ್ಮ.

"ಮಂದಿಗೆ ಅದ ಸೇರೈತಿ ಯಕ್ಕ. ಗಂಗಾವತಿಗೂ ಕರ್ಯಾಕತ್ಯಾರ. ರೂಢಿ ತಪ್ಪಿದರ ಹೆಂಗ?"

ಕಸ್ತೂರೆಮ್ಮ ಕೆಸರಿಗೆ ಉಗುಳಿದಳು.

ಅಷ್ಟರಲ್ಲಿ ಕುಬೇರಪ್ಪ ಅಳಿಯನನ್ನು ಕರೆದುಕೊಂಡು ಬದುವಿಗೆ ಬಂದ. ಕಿವಿ ಕೆಂಪಾಗುವುದಿರಲಿ, ಮುಖದ ತುಂಬ ನಗೆ. "ಮಾರೆವ್ವ, ಆ ಹಾಳಿ ಲೋಟದ ಪದ ಹಾಡಬೇ. ನಮ್ಮ ಅಳಿಯಾರು ಕೇಳಬೇಕಂತ ಬಂದಾರ."

ಮಾರೆಮ್ಮ ಚಹಾ ಹಿಡಿದುಕೊಂಡೇ ನಿಂತಳು.

"ಹಾಡೂದಿಲ್ಲರಿ ಗೌಡ್ರ."

"ಯಾಕ? ಕೊಪ್ಪಳದಾಗ ಅಷ್ಟು ಛಲೋ ಹಾಡಿದೆಲ್ಲ!"

"ಚಪ್ಪಾಳಿ ಹೊಡದ ಮ್ಯಾಲೆ ಅದು ನಿಮ್ಮದಾತ್ರಿ. ನೀವ ಹಾಡ್ಕೋರಿ."

ಲೋಟ ಬೋರಲು ಹಾಕಿದಳು. ಚಹಾ ಕೆಸರಿನಲ್ಲಿ ಇಂಗಿತು. ಅಳಿಯ ಅದನ್ನೂ ಪದದ ಒಂದು ಭಾಗವೆಂದು ತಿಳಿದು ನಕ್ಕ. ಸಾಲಿನಲ್ಲೂ ಇಬ್ಬರು ಕಿಸಿಕ್ಕೆಂದರು. ಕಸ್ತೂರೆಮ್ಮನಿಗೆ ಗೌಡನಿಗಿಂತ ಆ ಇಬ್ಬರ ಮೇಲೆ ಹೇಸಿಕೆಯಾಯಿತು. ಅವರವ್ವಂದಿರೇ ಅಲ್ಲವೇ ಅವತ್ತು ಚಿಪ್ಪಿನ ಪದ ಹಿಡಿದವರು?

ಮಂಗಳವಾರ ಮಾರೆಮ್ಮ ಕಾರಟಗಿ ಕಡೆ ನಾಟಿಗೆ ಹೋಗುವ ಟಂಟಂ ಗಾಡಿ ಹತ್ತಿದಳು. ಸಾಲು ಮೊಬೈಲಿನಲ್ಲಿ ತನ್ನದೇ ಪದ ಹಚ್ಚಿಕೊಂಡು ಸಸಿ ಹಚ್ಚಿತು. ಕಸ್ತೂರೆಮ್ಮ ಅವತ್ತೊಂದು ದಿನ, ಕೈಗೆತ್ತಿಕೊಂಡ ಸಸಿಯ ಕಟ್ಟು ಮುಗಿಯುವತನಕ, ಅಲ್ಲೇ ಉಳಿದಳು. ಬುಧವಾರ ಅವಳೂ ಕಾರಟಗಿಯ ಟಂಟಂ ಹತ್ತಿ ಹೋದಳು.